ಹೈಗೆ ಬಾರದ ಜೀಪು

ನಲ್ಲಪ್ಪ ಎಂಬುದು ಅವರ ತಂದೆತಾಯಿ ಇಟ್ಟ ಹೆಸರಲ್ಲ, ಬೀದಿಯವರು ಕಟ್ಟಿದ್ದು. ಅವರು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಗುಮಾಸ್ತರು. ಅಂಥವರು ವಾಸಿಸುವ ಬೀದಿಯಲ್ಲೇ ನಲ್ಲಿಗಳು ಒಣಗಿ ನಿಂತರೆ ಜನ ಬಾಯಿಮುಚ್ಚಿಕೊಂಡು ಇರುತ್ತಾರೆಯೇ? ಮೊದಲು ‘ನಲ್ಲಿ ಗುಮಾಸ್ತರು’ ಎಂದರು, ಆಮೇಲೆ ಅಷ್ಟುದ್ದ ಕರೆಯಲು ಬೇಸರವಾಗಿ ನಲ್ಲಪ್ಪ ಎಂದರು. ಅವರೂ ಓಗೊಟ್ಟರು. ಓಗೊಡುವುದು ಅವರ ಸ್ವಭಾವ.

ಬೀದಿ ಇಳಿಜಾರಿನದು. ಕೆಳಗಿನ ಮುಖ್ಯರಸ್ತೆಯಿಂದ ಗೆರೆ ಎಳೆದ ಹಾಗೆ ನೆಟ್ಟಗೆ ಏರಿ ನಲ್ಲಪ್ಪನವರ ಮನೆಯ ಮುಂದೆ ಮುಗಿಯುತ್ತಿತ್ತು. ನೀರು ಮಾತ್ರ ಕೆಳಗಿನ ಕೆಲವು ಮನೆಗಳವರೆಗೆ ಬಂದು, ಮುಂದೆ ಹತ್ತಲು ಮನಸ್ಸಿಲ್ಲದ ಮುದುಕನ ಹಾಗೆ ಅಲ್ಲೇ ಕೂತುಬಿಡುತ್ತಿತ್ತು. ಮೇಲಿನವರು ಕೊಡ ಹೊತ್ತು ಇಳಿಯಬೇಕು, ತುಂಬಿಸಿಕೊಂಡು ಹತ್ತಬೇಕು. ಹೀಗೆ ಹತ್ತಿ ಇಳಿದು ರೋಸಿಹೋದ ನಲ್ಲಪ್ಪನವರ ಹೆಂಡತಿ ಒಂದು ದಿನ ನೇರ ಕಚೇರಿಗೆ ಹೋಗಿ, ದೂರು ಕೊಡುವವರ ಸಾಲಿನಲ್ಲಿ ನಿಂತರು. ಸರದಿ ಬಂದಾಗ ನಲ್ಲಪ್ಪನವರು ತಲೆಯೆತ್ತದೆ, ಏನು ತೊಂದರೆ ಎಂದು ಕೇಳಿದರು.

“ನೀರಿಲ್ಲ.”

“ಯಾವ ಬೀದಿ?”

“ನಿಮ್ಮದೇ.”

ನಲ್ಲಪ್ಪನವರು ಆಗಲೂ ತಲೆಯೆತ್ತದೆ, “ನೋಡೋಣ, ಮೇಲಿನವರಿಗೆ ತಿಳಿಸ್ತೀವಿ” ಎಂದರು. ಅಂದಿನಿಂದ ಮನೆಯಲ್ಲಿ ತಟ್ಟೆಗೆ ಊಟ ಬೀಳುತ್ತಿತ್ತು, ಮಾತು ಬೀಳುತ್ತಿರಲಿಲ್ಲ.

ಹೀಗೆ ಕಚೇರಿಯಲ್ಲಿ ಬೈಗುಳ, ಮನೆಯಲ್ಲಿ ಮೌನ, ಎರಡರ ನಡುವೆ ಸಿಕ್ಕಿದ ಮನುಷ್ಯನಿಗೆ ಕನಸೊಂದೇ ದಿಕ್ಕು. ಕಿಟಕಿಯಾಚೆ ದೂರುದಾರರು ಕೂಗುತ್ತಿದ್ದಾಗ ನಲ್ಲಪ್ಪನವರ ಅರ್ಧ ಮುಚ್ಚಿದ ಕಣ್ಣುಗಳ ಮುಂದೆ ಒಂದು ಬೆಟ್ಟ ಬರುತ್ತಿತ್ತು. ಮೈತುಂಬ ಮಂಜು ಹೊದ್ದ ಬೆಟ್ಟ. ಅದರ ಕಲ್ಲುದಾರಿಯಲ್ಲಿ ಒಂದು ಹಸಿರು ಜೀಪು ತೂಗಾಡುತ್ತ ಏರುತ್ತಿರುತ್ತಿತ್ತು. ಒಳಗೆ ತಾವೊಬ್ಬರೇ. ಯಾರೂ ಏನೂ ಕೇಳುತ್ತಿರಲಿಲ್ಲ. ಅವರು ಜೀವಮಾನದಲ್ಲಿ ಬೆಟ್ಟ ಹತ್ತಿದವರಲ್ಲ, ಜೀಪು ಓಡಿಸಿದವರೂ ಅಲ್ಲ. ಆದರೆ ನಿವೃತ್ತ ಸರ್ವೇಯರ್ ಒಬ್ಬರು ತಮ್ಮ ಹಳೆಯ ಹಸಿರು ಜೀಪು ಮಾರುತ್ತಾರಂತೆ ಎಂದು ಕಿವಿಗೆ ಬಿದ್ದದ್ದೇ ತಡ, ಸ್ಕೂಟರನ್ನು ಬೆಲೆಯ ಒಂದು ಪಾಲಿಗೆ ಅಲ್ಲೇ ಕೊಟ್ಟು ಜೀಪಿನಲ್ಲಿ ಮನೆಗೆ ಬಂದರು.

ಸರ್ವೇಯರ್ ಬಹಳ ಹೊತ್ತು ಪಾಠ ಹೇಳಿದ್ದರು. ಗೇರಿನ ದೊಡ್ಡ ಕೋಲಿನ ಪಕ್ಕದಲ್ಲಿ ಇನ್ನೊಂದು ಚಿಕ್ಕ ಕೋಲಿದೆ. ಊರೊಳಗೆ ಓಡಾಡುವಾಗ ಅದು ಹೈನಲ್ಲಿರಲಿ, ಎರಡು ಚಕ್ರಕ್ಕೆ ಮಾತ್ರ ಬಲ ಸಾಕು. ಕೆಸರು, ಕಡಿದಾದ ಏರು ಬಂದಾಗ ನಿಂತು, ಕ್ಲಚ್ ಒತ್ತಿ ಲೋಗೆ ಹಾಕಬೇಕು. ಆಗ ನಾಲ್ಕೂ ಚಕ್ರಕ್ಕೆ ಬಲ ಬರುತ್ತದೆ, ಗಾಡಿ ನಿಧಾನವಾದರೂ ಆನೆಯ ಹಾಗೆ ಎಳೆಯುತ್ತದೆ. ಗಟ್ಟಿ ರಸ್ತೆಯ ಮೇಲೆ ಮಾತ್ರ ಅದನ್ನು ಮುಟ್ಟಬಾರದು. ಇಷ್ಟೆಲ್ಲ ಹೇಳುವಾಗ ನಲ್ಲಪ್ಪನವರು ಬೆಟ್ಟದ ಅರ್ಧ ದಾರಿಯಲ್ಲಿದ್ದರು. ‘ಆನೆಯ ಹಾಗೆ’ ಎಂಬುದೊಂದು ಮಾತ್ರ ಮಂಜಿನೊಳಗಿಂದ ಕೇಳಿಸಿತು.

ಭಾನುವಾರ ಮಾವನವರು ಜೀಪು ನೋಡಲೆಂದೇ ಬಂದರು. ಅವರು ನಿವೃತ್ತ ರೈಲ್ವೆ ಗಾರ್ಡ್. ರೈಲಿನ ಕಡೆಯ ಡಬ್ಬಿಯಲ್ಲಿ ಕೂತು ಆಯುಷ್ಯ ಕಳೆದವರಿಗೆ ಯಾವ ವಾಹನದಲ್ಲೂ ಮುಂದಿನ ಸೀಟು ಒಗ್ಗುತ್ತಿರಲಿಲ್ಲ. ಇಲಾಖೆಯ ಕಪ್ಪು ಕೋಟು ತೊಟ್ಟೇ ಬಂದಿದ್ದರು. ಅಳಿಯ ಕೊಂಡ ವಾಹನದಲ್ಲಿ ಸಾಧಾರಣ ಬಟ್ಟೆಯಲ್ಲಿ ಕೂರುವುದು ಸರಿಯಲ್ಲ ಎಂಬುದು ಅವರ ಅಭಿಪ್ರಾಯ. ಹಿಂದಿನ ಸೀಟಿನಲ್ಲಿ ಕೂತು ಸುತ್ತ ಪರೀಕ್ಷಿಸಿದರು. ಈ ಸಣ್ಣ ಕೋಲು ಯಾತಕ್ಕೆ ಎಂದು ಕೇಳಿದರು. ಅಳಿಯನಿಗೆ ಒಮ್ಮೆಯಾದರೂ ಮಾವನ ಮುಂದೆ ಎದೆಯುಬ್ಬಿಸುವ ಅವಕಾಶ. ಬೀದಿಯ ಕೆಳತುದಿಗೆ ಇಳಿದು, ಗಟ್ಟಿ ಡಾಂಬರಿನ ಮೇಲೆ, ಗಾಡಿ ನಿಲ್ಲಿಸಿ ಕೋಲನ್ನು ಲೋಗೆ ತಳ್ಳಿದರು.

ಜೀಪು ಗಂಟಲು ಕೆರೆದುಕೊಂಡು ಗುರ್ರೆಂದು ಹೊರಟಿತು. ಪಕ್ಕದಲ್ಲಿ ನಡೆದುಹೋಗುತ್ತಿದ್ದ ಒಬ್ಬ ಅಜ್ಜಿ ಅದನ್ನು ದಾಟಿ ಮುಂದೆ ಹೋದರು. ಮುಖ್ಯರಸ್ತೆಗೆ ಹೋಗಿ ಒಂದು ಸುತ್ತು ಹಾಕಿದ ಮೇಲೆ ಮಾವನವರು, ಆನೆ ನೋಡಿದ್ದಾಯಿತು, ಇನ್ನು ಕುದುರೆ ತೋರಿಸಿ ಎಂದರು. ನಲ್ಲಪ್ಪನವರು ಕೋಲನ್ನು ಎಳೆದರು. ಬರಲಿಲ್ಲ. ಎರಡೂ ಕೈಯಲ್ಲಿ ಎಳೆದರು. ಕೋಲು ಬೇರುಬಿಟ್ಟ ಗಿಡದ ಹಾಗೆ ನಿಂತಿತ್ತು. ಬೆವರು ಒರೆಸಿಕೊಂಡು, ಹೀಗೇ ಮನೆಗೆ ಹೋಗೋಣ ಮಾವ, ಇದರಲ್ಲೂ ಒಂದು ಸೊಗಸಿದೆ ಎಂದರು. ಜೀಪು ಗುರುಗುಡುತ್ತ ಬೀದಿ ಏರತೊಡಗಿತು.

ಭಾನುವಾರದ ಬೀದಿ, ಎಲ್ಲರೂ ಹೊಸ್ತಿಲಲ್ಲಿದ್ದರು. ಅಂಗಡಿಯ ಮುಂದೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ದರ್ಜಿ ತುಳಿಯುವುದನ್ನು ನಿಲ್ಲಿಸಿ, ಎದ್ದು ಬಂದು, ಜೀಪಿನ ಜೊತೆಗೇ ನಡೆಯುತ್ತ, ಏನು ಇಷ್ಟು ನಿಧಾನ ಎಂದು ವಿಚಾರಿಸಿದ. ಅಳಿಯ ಉತ್ತರಕ್ಕೆ ತಡವರಿಸುತ್ತಿದ್ದಾಗ, ಮಗಳನ್ನು ಕೊಟ್ಟ ಮನೆಯ ಮರ್ಯಾದೆ ಕೆಟ್ಟ ಗಾಡಿಯ ಕಾರಣಕ್ಕೆ ಬೀದಿಪಾಲಾಗುವುದನ್ನು ಸಹಿಸದ ಮಾವನವರು ಹಿಂದಿನಿಂದ ಗಂಭೀರವಾಗಿ ಹೇಳಿದರು:

“ಇಲಾಖೆ ಕೆಲಸ. ಜೋರಾಗಿ ಹೋದ್ರೆ ಆಗೋದಲ್ಲ ಇದು.”

ದರ್ಜಿ ಅಲ್ಲೇ ನಿಂತ. ಜೀಪಿನ ಹೊಟ್ಟೆಯೊಳಗಿನ ಗುರುಗುಡು ಸದ್ದನ್ನು ಕೇಳಿದ, ನೆಲ ನೋಡಿದ, ಒಣಗಿದ ನಲ್ಲಿ ನೋಡಿದ. ತುಂಡು ಬಟ್ಟೆ ನೋಡಿಯೇ ಇಡೀ ಅಂಗಿ ಕಾಣುವ ಮನುಷ್ಯನಿಗೆ ಇಷ್ಟು ಸಾಲದೇ? ಜೀಪು ಮೇಲಿನ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು: ನೆಲದಡಿಯಲ್ಲಿ ಪೈಪು ಎಲ್ಲಿ ಒಡೆದಿದೆ ಎಂದು ಹುಡುಕುವ ಗಾಡಿ ಬಂದಿದೆ, ನಲ್ಲಪ್ಪನವರೇ ಅದನ್ನು ನಡೆಸುತ್ತಿದ್ದಾರೆ.

ಮರುದಿನದಿಂದ ಅವರು ಕಚೇರಿಗೆ ಹೋಗುವುದೂ ಬರುವುದೂ ಅದೇ ಲೋನಲ್ಲಿ. ಸ್ಕೂಟರು ಕೈಬಿಟ್ಟಿತ್ತು, ನಡೆದುಹೋದರೆ ಜೀಪು ಕೆಟ್ಟಿದೆ ಎಂದು ಹೆಂಡತಿಗೆ ತಿಳಿದುಬಿಡುತ್ತಿತ್ತು. ಅಷ್ಟು ನಿಧಾನದಲ್ಲಿ ಹೋಗುವ ಗಾಡಿಯೊಳಗೆ ಜಗತ್ತು ಬೇರೆಯೇ ಆಗಿ ಕಾಣುತ್ತದೆ. ಮರದ ನೆರಳು ಬಾನೆಟ್ಟಿನ ಮೇಲೆ ಹತ್ತಿ, ಗಾಜಿನ ಮೇಲೆ ತೆವಳಿ, ಅವರ ಮಡಿಲಲ್ಲಿ ಸ್ವಲ್ಪ ಹೊತ್ತು ಕೂತು, ಹಿಂದಿನಿಂದ ಇಳಿದು ಹೋಗುತ್ತಿತ್ತು. ಗೋಡೆಯ ಮೇಲೆ ಮಲಗಿದ ಬೆಕ್ಕು ಕಣ್ಣು ಬಿಡುತ್ತಿರಲಿಲ್ಲ. ಯಾರದೋ ಅಡುಗೆಮನೆಯಲ್ಲಿ ಶುರುವಾದ ಹಾಡಿನ ಗುನುಗು ಮುಂದಿನ ಮನೆಯ ಕಿಟಕಿಯವರೆಗೂ ಜೊತೆಗೆ ಬರುತ್ತಿತ್ತು. ಇಷ್ಟು ವರ್ಷ ಸ್ಕೂಟರಿನಲ್ಲಿ ಈ ಬೀದಿಯನ್ನು ದಾಟಿದ್ದೆನೇ ಹೊರತು ನೋಡಿರಲಿಲ್ಲವಲ್ಲ ಎಂದು ಅವರಿಗೆ ಅನ್ನಿಸುತ್ತಿತ್ತು. ಒಮ್ಮೊಮ್ಮೆ ಡಾಂಬರಿನ ಮೇಲೆ ತೆಳುವಾಗಿ ಮಂಜು ಕವಿಯುತ್ತಿದೆಯೋ ಎಂಬ ಭ್ರಮೆಯೂ ಆಗುತ್ತಿತ್ತು.

ಆದರೆ ಕನಸಿನ ಜೀಪಿನ ಪಕ್ಕದಲ್ಲಿ ಯಾರೂ ಇರಲಿಲ್ಲ, ಇಲ್ಲಿ ಮಾತ್ರ ಸಾಲುಗಟ್ಟಿದ್ದರು. ಜೀಪಿನ ಅಂಚಿಗೆ ಕೈಯಿಟ್ಟು ಹಜ್ಜೆ ಹಾಕುತ್ತ, ತಮ್ಮ ನಲ್ಲಿ ಎಂದಿನಿಂದ ನಿಂತಿತು, ನಿಲ್ಲುವ ಮೊದಲು ಹೇಗೆ ಕೆಮ್ಮಿತು ಎಂಬುದನ್ನು ರೋಗಿಯ ಕಡೆಯವರು ವೈದ್ಯರಿಗೆ ಹೇಳುವ ಹಾಗೆ ಹೇಳುತ್ತಿದ್ದರು. ಅಲ್ಲ, ಇದು ಆ ಗಾಡಿಯಲ್ಲ ಎಂದು ನಲ್ಲಪ್ಪನವರು ಒಂದೆರಡು ಸಲ ಹೇಳಿಯೂ ನೋಡಿದರು. ಜನ ಕಣ್ಣು ಮಿಟುಕಿಸಿ, ಇಲಾಖೆ ಗುಟ್ಟು ನಮಗೆ ಗೊತ್ತಾಗಲ್ವೇ ಎಂದರು.

ಕಡೆಗೆ ಅವರು ಮೆಕ್ಯಾನಿಕ್ ಹತ್ತಿರ ಹೋದರು. ಅವನು ಜೀಪಿನಡಿ ಟಾರ್ಚು ಬಿಟ್ಟು ಇಣುಕಿ, ಎದ್ದು, ಹಲ್ಲಿನಡಿ ಕಡ್ಡಿ ಕಚ್ಚಿಕೊಂಡೇ ಹೇಳಿದ. ಗಟ್ಟಿ ರಸ್ತೆಯಲ್ಲಿ ನಾಲ್ಕು ಚಕ್ರಕ್ಕೂ ಬಲ ಕೊಟ್ಟರೆ ತಿರುವಿನಲ್ಲಿ ಮುಂದಿನ ಚಕ್ರ ಒಂದು ಲೆಕ್ಕ ಸುತ್ತುತ್ತೆ, ಹಿಂದಿನದು ಇನ್ನೊಂದು. ನಡುವಿನ ಕಬ್ಬಿಣ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡು ಕೂರುತ್ತೆ, ಆಮೇಲೆ ಕೋಲು ಹೇಗೆ ಬರತ್ತೆ? “ಏನೂ ಕೆಟ್ಟಿಲ್ಲ ಸಾರ್. ನೆಟ್ಟಗಿರೋ ರಸ್ತೆ ನೋಡಿ ಸ್ವಲ್ಪ ದೂರ ರಿವರ್ಸ್ ಹೋಗಿ. ಸಡಿಲ ಆಗತ್ತೆ. ಆಗ ಎಳೀರಿ.”

ನೆಟ್ಟಗಿರುವ ರಸ್ತೆ ಯಾವುದೆಂದು ಹುಡುಕಬೇಕಾಗಿರಲಿಲ್ಲ. ಮರುದಿನ ಬೆಳಗ್ಗೆ, ಭಾನುವಾರದಿಂದ ಅಲ್ಲೇ ಉಳಿದಿದ್ದ ಮಾವನವರನ್ನು ಹಿಂದೆ ಕೂರಿಸಿಕೊಂಡು, ಮನೆಯ ಮುಂದಿನಿಂದ ನಲ್ಲಪ್ಪನವರು ರಿವರ್ಸ್ ಹಾಕಿ ಇಳಿಯತೊಡಗಿದರು. ರೈಲಿನ ಬಾಲದಲ್ಲಿ ಬದುಕಿದವರು ಈಗ ಮೊದಲ ಬಾರಿಗೆ ಎಲ್ಲಕ್ಕಿಂತ ಮುಂದೆ ಸಾಗುತ್ತಿದ್ದರು. ಮುಖದಲ್ಲಿ ಅಂಥ ಕಳೆ ಮಗಳ ಮದುವೆಯಲ್ಲೂ ಇರಲಿಲ್ಲ.

ದರ್ಜಿ ನೋಡಿದ. ಇಷ್ಟು ದಿನ ಏರುತ್ತಿದ್ದ ಗಾಡಿ ಹಿಮ್ಮುಖವಾಗಿ ಇಳಿಯುತ್ತಿದೆ. ಕತ್ತರಿ ಕೆಳಗಿಟ್ಟು ಕೂಗು ಹಾಕಿದ: ಗಾಡಿ ವಾಪಸ್ಸು ಹೋಗುತ್ತಿದೆ, ಹುಡುಕಿದ ನೀರನ್ನೂ ಬೇರೆ ಬೀದಿಗೆ ಕೊಡುತ್ತಾರೆ. ಹೆಂಗಸರು ಕೊಡಗಳ ಸಮೇತ ಬಂದು ಜೀಪಿನ ಹಿಂದೆ ಸಾಲಾಗಿ ಕೂತರು. ನಲ್ಲಪ್ಪನವರು ಕನ್ನಡಿಯಲ್ಲಿ ನೋಡಿದರು. ನಟ್ಟನಡುವೆ, ಎಲ್ಲರಿಗಿಂತ ದೊಡ್ಡ ಕೊಡ ಇಟ್ಟುಕೊಂಡು, ಅವರ ಹೆಂಡತಿ ಕೂತಿದ್ದರು.

ಆ ಹೊತ್ತಿಗೆ ಬಡಾವಣೆಯ ಇಂಜಿನಿಯರ್ ಓಡೋಡಿ ಬಂದರು. ಹುಡುಕುವ ಗಾಡಿಯ ಸುದ್ದಿ ಅವರಿಗೂ ಮುಟ್ಟಿತ್ತು. ತಮಗೆ ತಿಳಿಸದೆ ಮುಖ್ಯ ಕಚೇರಿಯವರು ಕಳಿಸಿದ್ದಾರೆಂದರೆ ತಮ್ಮ ಮೇಲೇ ತನಿಖೆ ಎಂಬುದು ಅವರ ಲೆಕ್ಕ. ಹಿಂದಿನ ಸೀಟಿನಲ್ಲಿ ಕಪ್ಪು ಕೋಟಿನ ವೃದ್ಧರನ್ನು ಕಂಡು ಅವರ ಅನುಮಾನ ಗಟ್ಟಿಯಾಯಿತು. ಮೆತ್ತಗೆ ಮುಂದಿನ ಸೀಟಿಗೆ ಹತ್ತಿ, ತಗ್ಗಿದ ದನಿಯಲ್ಲಿ ಕೇಳಿದರು.

“ಎಷ್ಟು ತೋರಿಸ್ತಿದೆ?”

ಕೋಲನ್ನೇ ದಿಟ್ಟಿಸುತ್ತಿದ್ದ ನಲ್ಲಪ್ಪನವರು ನಿಟ್ಟುಸಿರು ಬಿಟ್ಟರು. “ಲೋ ಇದೆ ಸಾರ್.”

“ಹೈ?”

“ಎಷ್ಟು ಎಳೆದ್ರೂ ಬರ್ತಿಲ್ಲ.”

ನೀರಿನ ಒತ್ತಡ ಅಷ್ಟು ಕಡಿಮೆಯೇ ಎಂದು ಇಂಜಿನಿಯರ್ ಹಣೆ ಒರೆಸಿಕೊಂಡರು. “ಯಾವಾಗಿಂದ?”

“ಭಾನುವಾರದಿಂದ ಸಾರ್. ಇವರಿಗೆ ತೋರಿಸಬೇಕು ಅಂತ ಹೊರಟಿದ್ದು. ಅಲ್ಲೇ ಸಿಕ್ಕಿಹಾಕಿಕೊಳ್ತು.”

ಇಂಜಿನಿಯರ್ ಹಿಂದಕ್ಕೆ ತಿರುಗಿ ಮಾವನವರಿಗೆ ಕೈಮುಗಿದರು. ಮಾವನವರು ಸ್ಟೇಷನ್ ಮಾಸ್ತರರಿಗೆ ತಲೆಯಾಡಿಸುವ ಹಾಗೆ ತಲೆಯಾಡಿಸಿದರು. ಇದಕ್ಕೆ ಪರಿಹಾರವೇನು ಎಂದು ಇಂಜಿನಿಯರ್ ಕೇಳಿದಾಗ ನಲ್ಲಪ್ಪನವರು, ನೆಟ್ಟಗೆ ಹಿಂದಕ್ಕೆ ಹೋಗಬೇಕಂತೆ, ಎಲ್ಲೋ ತಿರುಚಿಕೊಂಡಿರುವುದು ಸಡಿಲವಾಗುತ್ತದಂತೆ ಎಂದರು. ಪೈಪಿನ ಜಾಡನ್ನು ತುದಿಯಿಂದ ಬುಡದ ಕಡೆಗೆ ಹುಡುಕುತ್ತ ಬರುವುದು ಎಷ್ಟು ಶಾಸ್ತ್ರೀಯ ಎಂದುಕೊಂಡ ಇಂಜಿನಿಯರ್ ತಾವೇ ಇಳಿದುಹೋಗಿ ಹೆಂಗಸರನ್ನು ಬೇಡಿಕೊಂಡರು. ನೀರು ಹಿಂದಕ್ಕೆ ಹೋಗುವುದಿಲ್ಲ, ನನ್ನ ಜವಾಬ್ದಾರಿ ಎಂದರು. ನಲ್ಲಪ್ಪನವರ ಹೆಂಡತಿ ಎಲ್ಲರಿಗಿಂತ ಕೊನೆಗೆ ಎದ್ದರು. ಜೀಪು ಹಿಂದಕ್ಕೆ ಸರಿಯಿತು, ದರ್ಜಿಯ ಅಂಗಡಿ ದಾಟಿತು. ನಲ್ಲಪ್ಪನವರು ನಿಲ್ಲಿಸಿ ಕ್ಲಚ್ ಒತ್ತಿ ಎಳೆದರು. ಟಕ್ ಎಂದು, ಬೆಣ್ಣೆಯಿಂದ ಕೂದಲು ತೆಗೆದಂತೆ ಕೋಲು ಬಂದುಬಿಟ್ಟಿತು.

“ಹೈ ಬಂತು ಸಾರ್,” ಎಂದರು ಅವರು. ಕಣ್ಣಲ್ಲಿ ನೀರಿತ್ತು.

ಹೈ ಬಂತು ಎಂಬ ಮಾತು ಬೀದಿಯಲ್ಲಿ ಬೆಂಕಿಯ ಹಾಗೆ ಹಬ್ಬಿತು. ಎಲ್ಲರೂ ತಂತಮ್ಮ ಮನೆಗೆ ಓಡಿ ನಲ್ಲಿ ತಿರುಗಿಸಿದರು. ನಲ್ಲಿಗಳು ಆಕಳಿಸಿದವು, ಅಷ್ಟೇ. ಒತ್ತಡ ಬಂದಿದೆ ಎಂದಮೇಲೆ ನೀರು ಬಾರದೆ ಎಲ್ಲಿ ಹೋಗುತ್ತದೆ ಎಂದು ಇಂಜಿನಿಯರ್ ಸಮಾಧಾನ ಹೇಳಿದರು. ಆಮೇಲೆ ಕಪ್ಪು ಕೋಟಿನವರು ಏನು ವರದಿ ಕೊಡುತ್ತಾರೋ ಎಂಬ ಭಯಕ್ಕೆ, ತಾವೇ ಮೊದಲಾಗಿ ಮುಖ್ಯ ಕಚೇರಿಗೆ ಫೋನು ಮಾಡಿ ಹೊಸ ಗಾಡಿಯನ್ನು ಬಾಯಿತುಂಬ ಹೊಗಳಿದರು. ಅಲ್ಲಿನ ದೊಡ್ಡ ಸಾಹೇಬರಿಗೆ ಯಾವ ಗಾಡಿಯ ಸುಳಿವೂ ಇರಲಿಲ್ಲ. ಆದರೆ ಗೊತ್ತಿಲ್ಲ ಎಂದು ಹೇಳಿ ದೊಡ್ಡ ಸಾಹೇಬರಾದವರು ಯಾರಿದ್ದಾರೆ? ಮುಂದಿನ ವಾರ, ಬುಧವಾರ, ಖುದ್ದಾಗಿ ಬಂದು ನೋಡುತ್ತೇನೆ ಎಂದರು.

ಸಂಜೆ ನಲ್ಲಪ್ಪನವರು ಅಡುಗೆಮನೆಯ ಬಾಗಿಲಲ್ಲಿ ನಿಂತು, ಬೆನ್ನು ತಿರುಗಿಸಿದ್ದ ಹೆಂಡತಿಗೆ ಎಲ್ಲವನ್ನೂ ಹೇಳಿಬಿಟ್ಟರು. ಸರ್ವೇಯರ್, ಬೆಟ್ಟ, ಮಂಜು, ಮಾವನವರ ಮಾತು, ಲೋ, ಹೈ, ಒಂದನ್ನೂ ಬಿಡಲಿಲ್ಲ. ಬುಧವಾರ ನಿಜ ಗೊತ್ತಾದರೆ ಕೆಲಸ ಹೋಗುತ್ತದೆ, ಅದಕ್ಕೆ ಮೊದಲೇ ಹೋಗಿ ತಪ್ಪೊಪ್ಪಿಕೊಳ್ಳುತ್ತೇನೆ ಎಂದರು. ಹೆಂಡತಿಯ ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾರೆಂದು ನಲ್ಲಪ್ಪನವರು ಹತ್ತಿರ ಹೋದರು. ನಗುತ್ತಿದ್ದರು.

“ಏನೂ ಹೇಳ್ಬೇಡಿ,” ಎಂದರು ಹೆಂಡತಿ, ಬಹಳ ದಿನಗಳ ಮೇಲೆ. “ದೂರು ಕೊಟ್ಟಾಗ ಯಾರೂ ಈ ಬೀದಿಗೆ ಕಾಲಿಡಲಿಲ್ಲ. ನಿಮ್ಮ ಗಾಡಿ ಕೆಟ್ಟಿದ್ದಕ್ಕೆ ದೊಡ್ಡ ಸಾಹೇಬರೇ ಬರ್ತಿದಾರೆ. ಬರ್ಲಿ ಬಿಡಿ.”

“ಕೆಲಸ ಹೋದ್ರೆ?”

“ನಾನು ಇನ್ನೊಂದು ದೂರು ಕೊಡ್ತೀನಿ.”

ಬುಧವಾರ ದೊಡ್ಡ ಸಾಹೇಬರು ಬಂದು, ಬೀದಿಯ ಮೇಲುತುದಿಯಲ್ಲಿ ಜೀಪಿನ ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ಮಾವನವರು, ಅವರ ಪಕ್ಕದಲ್ಲಿ ಮುದುಡಿಕೊಂಡ ಇಂಜಿನಿಯರ್. ಬೀದಿಗೆ ಬೀದಿಯೇ ಸುತ್ತ ನಿಂತಿತ್ತು. ಗಾಡಿ ಹುಡುಕುವ ವೇಗಕ್ಕೆ ಬರಬೇಕಾದರೆ ಲೋಗೆ ಹಾಕಲೇಬೇಕು. ನಲ್ಲಪ್ಪನವರು ಮನಸ್ಸು ಗಟ್ಟಿಮಾಡಿ ಕೋಲನ್ನು ತಳ್ಳಿದರು.

ಹೋದ ವಾರ ಲೋ ಬಿಟ್ಟು ಬರೆನೆಂದು ಹಟ ಹಿಡಿದಿದ್ದ ಕೋಲು ಇಂದು ಲೋಗೆ ಹೋಗೆನೆಂದಿತು. ಹೈನಿಂದ ಹೊರಟು ನಡುದಾರಿಯಲ್ಲಿ ನಿಂತುಬಿಟ್ಟಿತು, ಅಲ್ಲಿಂದ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ನಲ್ಲಪ್ಪನವರು ಗೇರು ಹಾಕಿ ಆಕ್ಸಿಲರೇಟರ್ ತುಳಿದರು. ಇಂಜಿನ್ನು ಮುಗಿಲು ಮುಟ್ಟುವ ಹಾಗೆ ಅರಚಿತು, ಚಕ್ರ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಇನ್ನಷ್ಟು ತುಳಿದರು. ಕಾಗೆಗಳು ಎದ್ದು ಹಾರಿದವು. ದೊಡ್ಡ ಸಾಹೇಬರು ನಿಧಾನವಾಗಿ ಅವರ ಕಡೆ ತಿರುಗಿದರು.

ಎಲ್ಲ ಮುಗಿಯಿತು ಎಂದು ನಲ್ಲಪ್ಪನವರು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಮಾವನವರ ದನಿ ಬಂತು. “ಇಂಜಿನ್ ಆಫ್ ಮಾಡಿ ಅಳಿಯಂದಿರೇ. ಗಾಡಿ ಬಿಸಿಯಾದದ್ದು ಸಾಕು. ಕೇಳಿಸಿಕೊಳ್ಳೋ ಗಾಡಿ ಸದ್ದು ಮಾಡಬಾರದು. ಇನ್ನು ಜನ ತಳ್ಳಲಿ.”

ದೊಡ್ಡ ಸಾಹೇಬರು ಮೆಚ್ಚುಗೆಯಿಂದ ಹುಬ್ಬೇರಿಸಿದರು. ಜನ ತಾವಾಗಿ ಬಂದು ಕೈಹಚ್ಚಿದರು. ದರ್ಜಿ ಒಂದು ಮೂಲೆ ಹಿಡಿದ, ಹೆಂಡತಿ ಇನ್ನೊಂದು ಮೂಲೆ. ಮಾತಾಡಬಾರದೆಂದು ಯಾರೋ ಹೇಳಿದರು, ಯಾರೂ ಆಡಲಿಲ್ಲ.

ಜೀಪು ಇಳಿಯತೊಡಗಿತು. ಆ ಬೀದಿ ಅಂಥ ಮೌನವನ್ನು ಎಂದೂ ಕಂಡಿರಲಿಲ್ಲ. ಹೊಲಿಗೆ ಯಂತ್ರವಿಲ್ಲ, ಇಂಜಿನ್ನಿಲ್ಲ, ಕೊಡಗಳ ಸದ್ದಿಲ್ಲ. ಚಕ್ರದಡಿಯಲ್ಲಿ ಒಣ ಎಲೆಗಳು ನುರಿಯುವುದು, ಜನರ ಉಸಿರು, ಚಪ್ಪಲಿಗಳ ಮೆಲ್ಲನೆಯ ಸರಸರ, ಅಷ್ಟೇ. ಬಿಸಿಲು ಸಾಹೇಬರ ಮುಖದ ಮೇಲೆ ಬಂದು ಹೋಗುತ್ತಿತ್ತು. ಅವರು ಕಣ್ಣು ಮುಚ್ಚಿದ್ದರು. ಬ್ರೇಕಿನ ಮೇಲೆ ಕಾಲಿಟ್ಟು ಕೂತ ನಲ್ಲಪ್ಪನವರಿಗೆ ತಾವು ಎಚ್ಚರವಾಗಿದ್ದೇವೋ ಇಲ್ಲವೋ ತಿಳಿಯದಾಯಿತು. ಗಾಡಿಯೇ ಅಲ್ಲ, ಇಡೀ ಬೀದಿ ಮನೆಗಳ ಸಮೇತ ತೇಲಿ ಹೋಗುತ್ತಿದೆ ಎನ್ನಿಸಿತು.

ದರ್ಜಿಯ ಅಂಗಡಿಗೆ ಸ್ವಲ್ಪ ಮೇಲೆ ಹೆಂಡತಿ ತಳ್ಳುವುದನ್ನು ನಿಲ್ಲಿಸಿದರು. “ರೀ, ನಿಲ್ಲಿಸಿ,” ಎಂದರು.

ಎಲ್ಲರೂ ನಿಂತರು. ಮೊದಲು ಏನೂ ಇರಲಿಲ್ಲ. ಆಮೇಲೆ ಕೇಳಿಸಿತು. ಕಾಲಿನಡಿಯಿಂದ, ಎಲ್ಲೋ ಆಳದಲ್ಲಿ, ನಿದ್ದೆಯಲ್ಲಿ ಯಾರೋ ಉದ್ದಕ್ಕೆ ಉಸಿರು ಬಿಟ್ಟ ಹಾಗೆ, ಸೋ ಎಂಬ ಸದ್ದು. ಹೆಂಗಸರು ಒಬ್ಬೊಬ್ಬರಾಗಿ ರಸ್ತೆಯ ಮೇಲೆ ಬಾಗಿ ಅಂಗೈ ಊರಿದರು. ಹೆಂಡತಿ ಕಿವಿಯನ್ನೇ ಡಾಂಬರಿಗೆ ಹಚ್ಚಿ ಮಲಗಿದರು. ಎದ್ದಾಗ ಕೆನ್ನೆಯ ಮೇಲೆ ಧೂಳಿತ್ತು. ದೊಡ್ಡ ಸಾಹೇಬರ ಕಡೆ ನೋಡಿ, “ಇಲ್ಲೇ ಹೋಗ್ತಿದೆ ನಮ್ಮ ನೀರು,” ಎಂದರು.

ಸಾಹೇಬರ ಎದುರಿಗೇ ಅಗೆದರು. ಎರಡು ಪೈಪು ಸೇರುವ ಹಳೆಯ ಕೂಡುಕಟ್ಟು ಬಾಯಿಬಿಟ್ಟುಕೊಂಡು, ಮೇಲಿನ ಮನೆಗಳ ನೀರನ್ನೆಲ್ಲ ಎಂದೋ ಮುಚ್ಚಿಹೋದ ಒಂದು ಮೋರಿಗೆ ಸುರಿಯುತ್ತಿತ್ತು. ಸಂಜೆಯ ಮೊದಲೇ ಕಟ್ಟು ಬಿಗಿದರು. ದೊಡ್ಡ ಸಾಹೇಬರು ನಲ್ಲಪ್ಪನವರ ಬೆನ್ನು ತಟ್ಟಿ, ಇದರ ತಂತ್ರವೇನು ಎಂದು ಕೇಳಿದರು. ತಂತ್ರವೇನಿಲ್ಲ ಸಾರ್, ಗೇರು ಬೀಳಲಿಲ್ಲ, ಅದಕ್ಕೇ ತಳ್ಳಿದ್ದು ಎಂದು ನಲ್ಲಪ್ಪನವರು ಇದ್ದದ್ದನ್ನು ಇದ್ದಂತೆ ಹೇಳಿದರು. ಸಾಹೇಬರು ಬಹಳ ಹೊತ್ತು ನಕ್ಕರು. ಇಷ್ಟು ವಿನಯದ ಮನುಷ್ಯನನ್ನು ನಾನು ಇಲಾಖೆಯಲ್ಲೇ ನೋಡಿಲ್ಲ ಎಂದು ಇಂಜಿನಿಯರರಿಗೆ ಹೇಳಿ ಹೊರಟುಹೋದರು.

ಜನ ಖುಷಿಯಲ್ಲಿ ಜೀಪನ್ನು ಮೇಲಿನವರೆಗೂ ತಳ್ಳಿ ಮನೆಯ ಮುಂದೆ ನಿಲ್ಲಿಸಿದರು. ಮನೆಮನೆಯಲ್ಲೂ ನಲ್ಲಿಗಳು ಕೆಮ್ಮಿ, ಕೆಂಪು ನೀರು ಉಗುಳಿ, ಆಮೇಲೆ ತಿಳಿಯಾಗಿ ಹರಿಯತೊಡಗಿದವು. ಮಾವನವರು ಸ್ನಾನಕ್ಕೆ ಇಳಿದವರು ಹೊರಗೆ ಬರುವ ಸೂಚನೆಯೇ ಇರಲಿಲ್ಲ. ಒಳಗಿನ ಗದ್ದಲದಿಂದ ತಪ್ಪಿಸಿಕೊಂಡ ನಲ್ಲಪ್ಪನವರು ಜೀಪಿನಲ್ಲಿ ಬಂದು ಕೂತರು. ಗಾಡಿ ಗೇರಿನಲ್ಲಿದೆ, ಇನ್ನು ಅಲುಗುವುದಿಲ್ಲ ಎಂದುಕೊಂಡರು. ಚಿಕ್ಕ ಕೋಲು ನಡುವೆ ನಿಂತಿದ್ದರೆ ದೊಡ್ಡ ಕೋಲಿನ ಮಾತು ಚಕ್ರಗಳನ್ನು ಮುಟ್ಟುವುದೇ ಇಲ್ಲ ಎಂಬುದು, ಸರ್ವೇಯರ್ ಹೇಳಿದ್ದರೂ, ಅವರಿಗೆ ತಿಳಿದಿರಲಿಲ್ಲ. ಕೈಬ್ರೇಕು ನೆನಪಾಗಲಿಲ್ಲ. ಹಾಗೇ ಒರಗಿ ನಿದ್ದೆಹೋದರು.

ತಂಪು ಗಾಳಿಗೋ, ಅವರು ಮಗ್ಗುಲು ಬದಲಿಸಿದ್ದಕ್ಕೋ, ಜೀಪು ತಾನಾಗಿ ಹೊರಟಿತು. ಸದ್ದಿಲ್ಲದೆ ಇಳಿಜಾರಿಗೆ ತಿರುಗಿ, ಇಳಿಬಿಸಿಲಿನಲ್ಲಿ, ಬಾಗಿಲುಬಾಗಿಲ ಮುಂದೆ ಸಾಗಿತು. ಜನ ಕಂಡರು. ಯಾರೂ ಗಾಬರಿಯಾಗಲಿಲ್ಲ. ದಾರಿಗಡ್ಡವಿದ್ದ ಬಕೆಟ್ಟುಗಳನ್ನು ಸದ್ದಾಗದಂತೆ ಎತ್ತಿಟ್ಟರು. ಕಣ್ಣು ಮುಚ್ಚಿಕೊಂಡು ಎಷ್ಟು ಮನಸ್ಸಿಟ್ಟು ಕೇಳಿಸಿಕೊಳ್ಳುತ್ತಿದ್ದಾರೆ ನೋಡಿ ಎಂದು ದರ್ಜಿ ಪಕ್ಕದವನ ಕಿವಿಯಲ್ಲಿ ಉಸುರಿದ. ಜೀಪು, ಅಗೆದ ಜಾಗದ ಪಕ್ಕದಲ್ಲಿ ಗುಡ್ಡೆ ಹಾಕಿದ್ದ ಹಸಿ ಮಣ್ಣಿಗೆ ಮೂತಿ ತೂರಿಸಿ, ಮೆತ್ತಗೆ ನಿಂತಿತು. ಮುಂದಿನ ಚಕ್ರಗಳೆರಡೂ ಕೆಸರಿನಲ್ಲಿ ಹೂತವು. ನಲ್ಲಪ್ಪನವರಿಗೆ ಎಚ್ಚರವಾಗಲಿಲ್ಲ.

ಹೆಂಡತಿ ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಇಳಿದು ಬಂದರು. ಗಂಡನನ್ನು ನೋಡಿದರು, ಹೂತ ಚಕ್ರ ನೋಡಿದರು. ಪಕ್ಕದ ಸೀಟಿಗೆ ಹತ್ತಿ, ಅವರ ಭುಜ ಅಲುಗಿಸಿದರು.

ನಲ್ಲಪ್ಪನವರು ಕಣ್ಣುಬಿಟ್ಟರು. ಎದುರಿಗೆ ಗಾಜಿನ ತುಂಬ ಮಣ್ಣಿನ ಗುಡ್ಡೆ, ಅಗೆದ ತಗ್ಗಿನಿಂದ ಏಳುತ್ತಿದ್ದ ತಂಪು ಹಬೆ ಅದರ ನೆತ್ತಿಯ ಮೇಲೆ ತೆಳ್ಳಗೆ ಹಬ್ಬಿತ್ತು.

“ಎಲ್ಲಿದೀವಿ?” ಎಂದು ಕೇಳಿದರು.

“ಬೆಟ್ಟದ ಬುಡದಲ್ಲಿ,” ಎಂದರು ಹೆಂಡತಿ. “ಈಗ ಏನು ಮಾಡ್ಬೇಕು?”

“ಲೋಗೆ ಹಾಕಬೇಕು. ಆದ್ರೆ ಅದು ಬೀಳಲ್ಲ.”

ಹೆಂಡತಿ ಕಾಲು ಚಾಚಿ ಚಿಕ್ಕ ಕೋಲಿಗೆ ಪಾದ ಕೊಟ್ಟು ಒತ್ತಿದರು. ಉರುಳಿ ಬಂದದ್ದರಲ್ಲಿ ಹಲ್ಲಿಗೆ ಹಲ್ಲು ಹೊಂದಿಕೊಂಡಿತ್ತೋ ಏನೋ, ಕೋಲು ಮರುಮಾತಿಲ್ಲದೆ ಲೋಗೆ ಬಿತ್ತು. ನಲ್ಲಪ್ಪನವರು ಇಂಜಿನ್ನು ಶುರುಮಾಡಿ ರಿವರ್ಸ್ ಹಾಕಿದರು. ನಾಲ್ಕೂ ಚಕ್ರ ಒಂದೇ ಸಲ ಕೆಸರನ್ನು ಕಚ್ಚಿದವು. ಜೀಪು ಆನೆಯ ಹಾಗೆ ಮೆಲ್ಲನೆ ಮೈಕೊಡವಿಕೊಂಡು ಮೇಲೆದ್ದಿತು. ಮನೆಯ ದಾರಿ ಹಿಡಿಯುವ ಬದಲು ಅವರು ಅದನ್ನು ಮುಖ್ಯರಸ್ತೆಯ ಕಡೆ ತಿರುಗಿಸಿದಾಗ, ಮನೆಯಲ್ಲಿ ನಲ್ಲಿ ಬಿಟ್ಟೇ ಬಂದಿದ್ದ ಹೆಂಡತಿ ಅದರ ಮಾತೆತ್ತಲಿಲ್ಲ.